ಲೆಕ್ಕ ಒಪ್ಪಿಸಬೇಕಾದುದು ಯಾರಿಗೆ?

ಗ್ರಾಮ ಪಂಚಾಯಿತಿಗಳ ಹಣಕಾಸಿನ ಬಗ್ಗೆ ಕಳೆದ ಒಂದೂವರೆ ದಶಕದಲ್ಲಿ ಒಂದು ಅಭಿಪ್ರಾಯ ಸರ್ಕಾರಿ ವಲಯದಲ್ಲಿಯೂ ಪತ್ರಿಕೆಗಳಲ್ಲಿಯೂ ನಗರದ ಓದುಬಲ್ಲ ವರ್ಗದಲ್ಲಿಯೂ ಬಲವಾಗಿ ಬೇರೂರಿದೆ. ಹಳ್ಳಿಯ ಲೆಕ್ಕವೆಲ್ಲ ಈಗ ಕಂಪ್ಯೂಟರಿಗೆ ಏರಿದೆ, ಪ್ರತಿಯೊಂದು ಪಾವತಿಯೂ ಬ್ಯಾಂಕಿನ ಮೂಲಕ ನೇರವಾಗಿ ಹೋಗುತ್ತದೆ, ಬೇಕೆಂದವರು ಮೊಬೈಲಿನಲ್ಲಿಯೇ ತಮ್ಮ ಪಂಚಾಯಿತಿಯ ಜಮಾ–ಖರ್ಚನ್ನು ನೋಡಬಹುದು. ಆದುದರಿಂದ ಪಾರದರ್ಶಕತೆಯ ಪ್ರಶ್ನೆ ಬಹುಮಟ್ಟಿಗೆ ಬಗೆಹರಿದಿದೆ, ಇನ್ನೂ ಉಳಿದಿರುವ ಸೋರಿಕೆಗೆ ಮೇಲಿನಿಂದ ಮತ್ತಷ್ಟು ಬಿಗಿಯಾದ ನಿಯಂತ್ರಣವೇ ಮದ್ದು ಎಂಬುದು ಆ ಅಭಿಪ್ರಾಯದ ತಿರುಳು. ಇದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: ಗ್ರಾಮಸಭೆ ಕರೆದರೆ ಜನ ಬರುವುದಿಲ್ಲ, ಬಂದವರೂ ಮನೆಗೋ ಪಿಂಚಣಿಗೋ ಅರ್ಜಿ ಹಿಡಿದು ಬರುತ್ತಾರೆಯೇ ಹೊರತು ಲೆಕ್ಕ ಕೇಳುವ ಆಸಕ್ತಿ ಹಳ್ಳಿಗರಿಗೆ ಇಲ್ಲ. ಈ ಎರಡೂ ಮಾತುಗಳು ತಪ್ಪು, ಮತ್ತು ಮೊದಲನೆಯ ತಪ್ಪಿನಿಂದಲೇ ಎರಡನೆಯದು ಹುಟ್ಟಿದೆ. ಪಂಚಾಯಿತಿಯ ಲೆಕ್ಕ ಇಂದು ಬೆಂಗಳೂರಿಗೂ ದೆಹಲಿಗೂ ಹಿಂದೆಂದಿಗಿಂತ ಚೆನ್ನಾಗಿ ಕಾಣುತ್ತಿದೆ, ಹಳ್ಳಿಗೆ ಮಾತ್ರ ಕಾಣುತ್ತಿಲ್ಲ. ತನ್ನ ಮತದಾರರಿಗೆ ಉತ್ತರ ಹೇಳಬೇಕಾದ ಒಂದು ಸರ್ಕಾರವನ್ನು ಮೇಲಿನ ಕಚೇರಿಗೆ ವರದಿ ಕಳುಹಿಸುವ ಶಾಖೆಯನ್ನಾಗಿ ಮಾಡಿ, ಆ ವರದಿ ಎಲ್ಲರಿಗೂ ಕಾಣುತ್ತದೆ ಎಂಬ ಕಾರಣಕ್ಕೆ ಹೊಣೆಗಾರಿಕೆ ಸಾಧಿತವಾಯಿತೆಂದು ಘೋಷಿಸಲಾಗುತ್ತಿದೆ.

ಕಾನೂನು ಹೇಳಿದ್ದು ಇದನ್ನಲ್ಲ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಪಂಚಾಯಿತಿಗಳನ್ನು ಸ್ವಯಮಾಡಳಿತದ ಸಂಸ್ಥೆಗಳೆಂದು ಕರೆದು, ಅವುಗಳ ಬುಡದಲ್ಲಿ ಗ್ರಾಮಸಭೆಯನ್ನು, ಅಂದರೆ ಪಂಚಾಯಿತಿ ವ್ಯಾಪ್ತಿಯ ಮತದಾರರೆಲ್ಲರ ಸಭೆಯನ್ನು, ಸ್ಥಾಪಿಸಿತು. ಅದೇ ವರ್ಷ ಬಂದ, 2016ರಿಂದ ಗ್ರಾಮ ಸ್ವರಾಜ್ ಎಂಬ ಮಾತನ್ನೂ ಹೆಸರಿನಲ್ಲಿ ಸೇರಿಸಿಕೊಂಡಿರುವ ಕರ್ನಾಟಕದ ಪಂಚಾಯತ್ ರಾಜ್ ಅಧಿನಿಯಮವು ವಾರ್ಷಿಕ ಲೆಕ್ಕಪತ್ರ, ಹಿಂದಿನ ವರ್ಷದ ಆಡಳಿತ ವರದಿ, ಲೆಕ್ಕಪರಿಶೋಧಕರ ಟಿಪ್ಪಣಿ ಇವನ್ನು ಗ್ರಾಮಸಭೆಯ ಮುಂದೆ ಇಡಬೇಕೆಂದು ಬಯಸುತ್ತದೆ. ರಾಜ್ಯದಲ್ಲಿ ಈ ಆಶಯ ಸಂವಿಧಾನದ ತಿದ್ದುಪಡಿಗಿಂತಲೂ ಹಳೆಯದು. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ರೂಪುಗೊಂಡ 1983ರ ಕಾಯ್ದೆಯಡಿ 1987ರಲ್ಲಿ ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗಲೇ ಹಳ್ಳಿಯ ಹಣ ಹಳ್ಳಿಯ ಸಭೆಯಲ್ಲಿ ಚರ್ಚೆಯಾಗಬೇಕೆಂಬ ನಿಲುವು ಆಡಳಿತದ ಭಾಷೆಯೊಳಗೆ ಬಂದಿತ್ತು. ಇದರ ಮುಂದುವರಿಕೆಯಾಗಿ ಕರ್ನಾಟಕಕ್ಕೆ ಜಮಾಬಂದಿ ಎಂಬ ಒಂದು ಅಪರೂಪದ ವ್ಯವಸ್ಥೆಯೂ ಇದೆ: ತಾಲ್ಲೂಕು ಮಟ್ಟದ ಅಧಿಕಾರಿಯ ನೇತೃತ್ವದಲ್ಲಿ, ಹಿಂದಿನ ಆರ್ಥಿಕ ವರ್ಷದ ದಾಖಲೆಗಳನ್ನೂ ಕಾಮಗಾರಿಗಳನ್ನೂ ಊರಿನವರ ಸಮ್ಮುಖದಲ್ಲಿ ವರ್ಷಕ್ಕೊಮ್ಮೆ ಪರಿಶೀಲಿಸುವ ಕಲಾಪ ಅದು. ಹೀಗೆ ಲೆಕ್ಕ ಒಪ್ಪಿಸಬೇಕಾದುದು ಯಾರಿಗೆ ಎಂಬ ಬಗ್ಗೆ ಕಾನೂನಿನಲ್ಲಿ ಗೊಂದಲವೇನೂ ಇಲ್ಲ.

ಗೊಂದಲ ಹುಟ್ಟಿದ್ದು ಹಣ ಬಂದ ದಾರಿಯಿಂದ. 14ನೇ ಹಣಕಾಸು ಆಯೋಗ 2015ರಿಂದ 2020ರವರೆಗಿನ ಅವಧಿಗೆ ದೇಶದ ಗ್ರಾಮ ಪಂಚಾಯಿತಿಗಳಿಗೆ ಎರಡು ಲಕ್ಷ ಕೋಟಿ ರೂಪಾಯಿಗೂ ಮಿಕ್ಕ ಅನುದಾನವನ್ನು ಶಿಫಾರಸು ಮಾಡಿತು. 15ನೇ ಆಯೋಗ 2021ರಿಂದ 2026ರವರೆಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ 2,36,805 ಕೋಟಿ ರೂಪಾಯಿಗಳನ್ನು ನಿಗದಿಪಡಿಸಿತು. ಇಷ್ಟು ದೊಡ್ಡ ಮೊತ್ತ ಕೊಡುವವರು ಲೆಕ್ಕ ಕೇಳುವುದು ಸಹಜವೇ. ಹಿಂದಿನ ವರ್ಷದ ತಾತ್ಕಾಲಿಕ ಲೆಕ್ಕ ಮತ್ತು ಅದರ ಹಿಂದಿನ ವರ್ಷದ ಪರಿಶೋಧಿತ ಲೆಕ್ಕ ಎರಡೂ ಅಂತರ್ಜಾಲದಲ್ಲಿ ಸಾರ್ವಜನಿಕರಿಗೆ ಲಭ್ಯವಿರದಿದ್ದರೆ ಅನುದಾನವಿಲ್ಲ ಎಂಬ ಷರತ್ತನ್ನು 15ನೇ ಆಯೋಗ ವಿಧಿಸಿತು. ಮೊದಲಿದ್ದ ಪ್ರಿಯಾಸಾಫ್ಟ್, ರಾಜ್ಯದ ಪಂಚತಂತ್ರ, 2020ರ ಏಪ್ರಿಲ್ 24ರಂದು ಉದ್ಘಾಟನೆಗೊಂಡ ಇ-ಗ್ರಾಮಸ್ವರಾಜ್ ಎಂಬ ತಂತ್ರಾಂಶಗಳೆಲ್ಲ ಗ್ರಾಮ ಪಂಚಾಯಿತಿಯ ಮೇಜಿನ ಮೇಲೆ ಬಂದು ಕುಳಿತದ್ದು ಇಂಥ ಅಗತ್ಯಗಳ ಒತ್ತಡದಿಂದ. ಅವುಗಳಿಂದ ಪ್ರಯೋಜನವಾಗಿಲ್ಲವೆಂದು ಯಾರೂ ಹೇಳಲಾರರು. ವರ್ಷಗಟ್ಟಲೆ ಬರೆಯದೆ ಬಿಟ್ಟ ನಗದು ಪುಸ್ತಕಗಳು, ಮುಕ್ತಾಯದ ಶಿಲ್ಕು ತಾಳೆಯಾಗದ ಬ್ಯಾಂಕ್ ಖಾತೆಗಳು, ಎಲ್ಲಿಗೆ ಹೋಯಿತೆಂದು ತಿಳಿಯದ ಚೆಕ್ಕುಗಳು ಇದರಿಂದ ಕಡಿಮೆಯಾಗಿವೆ. ಆದರೆ ಒಂದು ಲೆಕ್ಕ ಯಾರ ಪ್ರಶ್ನೆಗೆ ಉತ್ತರವಾಗಿ ಸಿದ್ಧವಾಗುತ್ತದೆಯೋ ಅವರಿಗೆ ಬೇಕಾದ ಆಕಾರವನ್ನೇ ಅದು ತಾಳುತ್ತದೆ. ದೆಹಲಿಗೆ ಬೇಕಾದುದು ಯಾವ ಶೀರ್ಷಿಕೆಯಡಿ ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಎಂಬುದು, ಆದ್ದರಿಂದ ಲೆಕ್ಕ ಶೀರ್ಷಿಕೆಗಳ ಪ್ರಕಾರ ನಿಂತಿದೆ. ಊರಿಗೆ ಬೇಕಾದುದು ಯಾವ ಕೇರಿಯಲ್ಲಿ, ಯಾರ ಮನೆಯಿಂದ ಯಾರ ಮನೆಯವರೆಗೆ, ಏನು ಕೆಲಸವಾಯಿತು ಎಂಬುದು, ಆ ಪ್ರಕಾರದ ಲೆಕ್ಕವನ್ನು ಯಾರೂ ಸಿದ್ಧಪಡಿಸುವುದಿಲ್ಲ. ಅಂಕಿಅಂಶ ಏರಿಸುವ ಧಾವಂತವೂ ಅನುದಾನದ ಕಂತು ಬಿಡುಗಡೆಯ ಗಡುವಿಗೆ ತಕ್ಕಂತೆ ಹುಟ್ಟುತ್ತದೆ. ಗ್ರಾಮಸಭೆಯ ದಿನಾಂಕಕ್ಕೂ ಅದಕ್ಕೂ ಸಂಬಂಧವಿರುವುದಿಲ್ಲ.

ಒಂದು ಚರಂಡಿಯ ಕಡತವನ್ನು ಹತ್ತಿರದಿಂದ ನೋಡಿದರೆ ಈ ಅಂತರ ಕಣ್ಣಿಗೆ ಕಟ್ಟುತ್ತದೆ. ಹಣಕಾಸು ಆಯೋಗದ ಅನುದಾನದಲ್ಲಿ ಒಂದು ಊರಿನ ಕೇರಿಯೊಂದಕ್ಕೆ ನೂರು ಮೀಟರ್ ಸಿ.ಸಿ. ಚರಂಡಿ ಮಂಜೂರಾಗಿದೆಯೆಂದು ಭಾವಿಸಬಹುದು. ಕ್ರಿಯಾ ಯೋಜನೆಯಲ್ಲಿ, ಅಂದರೆ ಆ ವರ್ಷ ಕೈಗೊಳ್ಳಬೇಕಾದ ಕೆಲಸಗಳ ಅನುಮೋದಿತ ಪಟ್ಟಿಯಲ್ಲಿ, ಅದರ ಹೆಸರು ಮೊದಲು ಬರುತ್ತದೆ. ಅನಂತರ ಎಂಜಿನಿಯರು ಅಂದಾಜು ಪತ್ರಿಕೆ ತಯಾರಿಸುತ್ತಾರೆ. ಎಷ್ಟು ಘನ ಮೀಟರ್ ಮಣ್ಣು ಅಗೆಯಬೇಕು, ತಳಕ್ಕೆ ಎಷ್ಟು ದಪ್ಪದ ಕಾಂಕ್ರೀಟು, ಗೋಡೆಯ ಎತ್ತರವೆಷ್ಟು, ಯಾವ ದರ ಎಂಬುದೆಲ್ಲ ಅದರಲ್ಲಿರುತ್ತದೆ. ತಾಂತ್ರಿಕ ಮಂಜೂರಾತಿ, ಕಾರ್ಯಾದೇಶ ಇವು ಮುಗಿದು ಕೆಲಸ ನಡೆದ ಮೇಲೆ, ನಿಜವಾಗಿ ಆದ ಕೆಲಸದ ಉದ್ದ, ಅಗಲ, ಆಳಗಳನ್ನು ಅಳತೆ ಪುಸ್ತಕದಲ್ಲಿ, ಕಚೇರಿಯ ಮಾತಿನಲ್ಲಿ ಎಂ.ಬಿ.ಯಲ್ಲಿ, ದಾಖಲಿಸಲಾಗುತ್ತದೆ, ಮತ್ತು ಅದರ ಆಧಾರದ ಮೇಲೆ ಬಿಲ್ಲು ತಯಾರಾಗಿ, ತೆರಿಗೆ, ರಾಜಧನ, ಶೇ 1ರ ಕಾರ್ಮಿಕ ಕಲ್ಯಾಣ ಸೆಸ್ ಮುಂತಾದವುಗಳನ್ನು ಮುರಿದುಕೊಂಡು ಉಳಿದ ಮೊತ್ತ ಗುತ್ತಿಗೆದಾರರ ಖಾತೆಗೆ ಹೋಗುತ್ತದೆ. ಈ ಇಡೀ ಸರಪಳಿಯಲ್ಲಿ ಜಾಲತಾಣಕ್ಕೆ ಬಂದು ಜನರಿಗೆ ಸುಲಭವಾಗಿ ಕಾಣುವುದು ಕೊನೆಯ ಕೊಂಡಿ ಮಾತ್ರ: ಓಚರ್ ಸಂಖ್ಯೆ, ದಿನಾಂಕ, ಯೋಜನೆಯ ಹೆಸರು, ಮೊತ್ತ, ಪಡೆದವರ ಹೆಸರು.

ಕಳ್ಳತನ ನಡೆಯುವುದಾದರೆ ನಡೆಯುವುದು ಈ ಕೊನೆಯ ಕೊಂಡಿಯಲ್ಲಿ ಅಲ್ಲ. ನೂರು ಮೀಟರ್ ಎಂದು ಬರೆದು ಎಪ್ಪತ್ತು ಮೀಟರ್ ಕಟ್ಟಿದರೆ, ತಳದ ಕಾಂಕ್ರೀಟನ್ನು ಅರ್ಧ ದಪ್ಪಕ್ಕೆ ಹಾಕಿದರೆ, ನಾಲ್ಕು ವರ್ಷದ ಹಿಂದಿನ ಚರಂಡಿಗೆ ಮೇಲೊಂದು ಗಿಲಾವು ಬಳಿದು ಹೊಸ ಬಿಲ್ಲು ಮಾಡಿದರೆ, ಅದೇ ಚರಂಡಿಯನ್ನು ಎರಡು ಯೋಜನೆಗಳಲ್ಲಿ ತೋರಿಸಿದರೆ, ಓಚರ್ ಸಂಖ್ಯೆಯೂ ಸರಿಯಾಗಿರುತ್ತದೆ, ದಿನಾಂಕವೂ ಸರಿಯಾಗಿರುತ್ತದೆ, ಮೊತ್ತವೂ ತಾಳೆಯಾಗುತ್ತದೆ. ಸ್ಥಳದ ಗುರುತುಳ್ಳ ಛಾಯಾಚಿತ್ರದಲ್ಲಿ ಒಂದು ಚರಂಡಿ ಇದ್ದೇ ಇರುತ್ತದೆ. ಆ ಕೇರಿಯ ಹೆಂಗಸಿಗೆ ಮಾತ್ರ ಚರಂಡಿ ಯಾರ ಮನೆಯ ಮುಂದೆ ನಿಂತುಹೋಯಿತು, ಹಳೆಯದು ಯಾವುದು, ಮಳೆ ಬಂದಾಗ ನೀರು ಎಲ್ಲಿ ಉಕ್ಕಿ ಒಳಗೆ ನುಗ್ಗುತ್ತದೆ ಎಂಬುದು ಗೊತ್ತು. ಅಳತೆ ಪುಸ್ತಕದ ಆ ಒಂದು ಪುಟವನ್ನು ಗಟ್ಟಿಯಾಗಿ ಓದಿ ಹೇಳಿದರೆ ಇಡೀ ಕೇರಿ ಅದನ್ನು ಕಾಲು ಗಂಟೆಯಲ್ಲಿ ಪರಿಶೋಧಿಸಬಲ್ಲದು. ರಾಜ್ಯದ ಯಾವ ಲೆಕ್ಕಪರಿಶೋಧಕನಿಗೂ ಇಲ್ಲದ ಸಾಕ್ಷ್ಯಜ್ಞಾನ ಊರಿನ ಬಳಿ ಇದೆ, ಆ ಜ್ಞಾನಕ್ಕೆ ಕೆಲಸ ಕೊಡಬಲ್ಲ ಕಾಗದ ಊರಿನ ಕೈಗೆ ಸಿಗುತ್ತಿಲ್ಲ. ಪಂಚಾಯಿತಿ ಹಣಕಾಸಿನ ಪಾರದರ್ಶಕತೆಯ ಸಮಸ್ಯೆ ನಿಂತಿರುವುದು ಇಲ್ಲಿಯೇ.

ಅಂತರ್ಜಾಲದ ಸೌಲಭ್ಯ ಎಲ್ಲರಿಗೂ ಇಲ್ಲ ಎಂಬುದು ಇದಕ್ಕಿಂತ ಸಣ್ಣ ವಾದವಾದರೂ ಅಲಕ್ಷಿಸುವಂಥದ್ದಲ್ಲ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಮಹಿಳೆಯರಲ್ಲಿ ಅಂತರ್ಜಾಲವನ್ನು ಒಮ್ಮೆಯಾದರೂ ಬಳಸಿದವರು ನಾಲ್ಕರಲ್ಲಿ ಒಬ್ಬರಷ್ಟು ಮಾತ್ರ. 2024ರಲ್ಲಿ ಇ-ಗ್ರಾಮಸ್ವರಾಜ್ ಜಾಲತಾಣಕ್ಕೆ ಭಾಷಾಂತರ ವೇದಿಕೆ ಭಾಷಿಣಿಯ ನೆರವಿನಿಂದ ಕನ್ನಡವೂ ಸೇರಿದಂತೆ ಇಪ್ಪತ್ತೆರಡು ಭಾಷೆಗಳು ಬಂದವೆಂಬುದು ಸ್ವಾಗತಾರ್ಹ. ಆದರೆ ಶೀರ್ಷಿಕೆ ಯಾವ ಭಾಷೆಯಲ್ಲಿದ್ದರೂ ಅದು ಚರಂಡಿಯ ಉದ್ದವನ್ನು ಹೇಳುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯನ್ನು ಬರೆದವರು ಈ ವಿಷಯದಲ್ಲಿ ಇಂದಿನ ಆಡಳಿತಗಾರರಿಗಿಂತ ವಿವೇಕಿಗಳಾಗಿದ್ದರು. ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕಾದ ಮಾಹಿತಿಯನ್ನು ವಿವರಿಸುವ ಅದರ 4ನೇ ಪ್ರಕರಣ, ಸ್ಥಳೀಯ ಭಾಷೆಯನ್ನೂ ಆ ಪ್ರದೇಶದಲ್ಲಿ ಅತ್ಯಂತ ಪರಿಣಾಮಕಾರಿಯಾದ ಸಂವಹನ ವಿಧಾನವನ್ನೂ ಗಮನದಲ್ಲಿಟ್ಟು ಮಾಹಿತಿ ಹರಡಬೇಕೆಂದು ಹೇಳಿ, ಸೂಚನಾ ಫಲಕ, ಪತ್ರಿಕೆ, ಸಾರ್ವಜನಿಕ ಪ್ರಕಟಣೆ, ಕಚೇರಿಯ ವೀಕ್ಷಣೆ ಇವುಗಳ ಸಾಲಿನಲ್ಲಿ ಅಂತರ್ಜಾಲವನ್ನೂ ಒಂದಾಗಿ ಸೇರಿಸಿತು. ಅಷ್ಟೇ ಅಲ್ಲ, ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣಿತ ಮಾದರಿಯನ್ನು ಪಡೆಯುವ ಹಕ್ಕನ್ನೂ ಆ ಕಾಯ್ದೆ ನಾಗರಿಕರಿಗೆ ಕೊಟ್ಟಿದೆ. ಹಲವು ದಾರಿಗಳಲ್ಲಿ ಒಂದಾಗಿದ್ದುದನ್ನು ಏಕೈಕ ದಾರಿಯನ್ನಾಗಿ ಮಾಡಿ, ಡಂಗುರವನ್ನೂ ಫಲಕವನ್ನೂ ಓಚರಿನ ನಕಲನ್ನೂ ಹಳೆಯ ಕಾಲದ್ದೆಂದು ಬದಿಗೆ ಸರಿಸಿದ್ದು ಕಾನೂನಿನ ಪಾಲನೆಯಲ್ಲ, ಅದರ ಉಲ್ಲಂಘನೆ.

ತಂತ್ರಜ್ಞಾನದ ಮೂಲಕ ಮೇಲಿನಿಂದ ಕಣ್ಣಿಡುವುದು ಹಳ್ಳಿಯೊಳಗಿನ ಕಣ್ಣಿಗೆ ಬದಲಿಯಾಗಲಾರದು ಎಂಬುದಕ್ಕೆ ಉದ್ಯೋಗ ಖಾತರಿ ಯೋಜನೆಯ ಅನುಭವವೇ ಸಾಕ್ಷಿ. 2005ರ ಉದ್ಯೋಗ ಖಾತರಿ ಕಾಯ್ದೆಯ 17ನೇ ಪ್ರಕರಣ ಎಲ್ಲ ಕಾಮಗಾರಿಗಳ ಸಾಮಾಜಿಕ ಲೆಕ್ಕಪರಿಶೋಧನೆಯನ್ನು, ಅಂದರೆ ದಾಖಲೆಗಳನ್ನು ಊರಿನವರೇ ವಾಸ್ತವದೊಡನೆ ಹೋಲಿಸಿ ನೋಡುವ ಕ್ರಿಯೆಯನ್ನು, ಗ್ರಾಮಸಭೆಗೆ ಒಪ್ಪಿಸಿತ್ತು. ಅದನ್ನು ಬಲಪಡಿಸುವ ಬದಲು ಕೇಂದ್ರ ಸರ್ಕಾರ 2023ರ ಜನವರಿ 1ರಿಂದ ಕಾರ್ಮಿಕರ ಹಾಜರಾತಿಗೆ ದಿನಕ್ಕೆ ಎರಡು ಸಲ ಮೊಬೈಲಿನಲ್ಲಿ ಛಾಯಾಚಿತ್ರ ತೆಗೆದು ಏರಿಸುವುದನ್ನು ಕಡ್ಡಾಯ ಮಾಡಿತು. ನೆಟ್‌ವರ್ಕ್ ಇಲ್ಲದ ಕೆರೆಯಂಗಳದಲ್ಲಿ ದಿನವಿಡೀ ಮಣ್ಣು ಹೊತ್ತವರ ಕೂಲಿ ಛಾಯಾಚಿತ್ರ ಏರಲಿಲ್ಲವೆಂಬ ಕಾರಣಕ್ಕೆ ತಪ್ಪಿಹೋಯಿತೆಂದು ದೂರುಗಳು ಎಲ್ಲೆಡೆ ಕೇಳಿಬಂದವು. 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಹೊರಡಿಸಿದ ಸುತ್ತೋಲೆ ಈ ವ್ಯವಸ್ಥೆಯ ದುರುಪಯೋಗದ ಬಗೆಗಳನ್ನು ಪಟ್ಟಿ ಮಾಡಿತು: ಕೆಲಸಕ್ಕೆ ಸಂಬಂಧವೇ ಇಲ್ಲದ ಚಿತ್ರಗಳು, ಹಳೆಯ ಚಿತ್ರವನ್ನೇ ಮತ್ತೆ ಚಿತ್ರ ತೆಗೆದು ಏರಿಸಿದ್ದು, ಒಂದೇ ಗುಂಪು ಹಲವು ಹಾಜರಾತಿ ಪಟ್ಟಿಗಳಲ್ಲಿ ಕಾಣಿಸಿಕೊಂಡದ್ದು, ಚಿತ್ರದಲ್ಲಿರುವ ತಲೆಗಳಿಗೂ ಪಟ್ಟಿಯ ಹೆಸರುಗಳಿಗೂ ತಾಳೆಯಿಲ್ಲದ್ದು. ಇದಕ್ಕೆ ಸಚಿವಾಲಯ ಕಂಡುಕೊಂಡ ಪರಿಹಾರ, ಏರಿಸಿದ ಚಿತ್ರಗಳನ್ನು ಅಧಿಕಾರಿಗಳು ಮತ್ತೊಮ್ಮೆ ಕಣ್ಣಾರೆ ಪರಿಶೀಲಿಸಬೇಕೆಂಬುದು. ಒಂದು ಹಾಜರಾತಿ ಪಟ್ಟಿಯನ್ನು ಊರಿನ ಅರಳಿಕಟ್ಟೆಯ ಬಳಿ ಓದಿದ್ದರೆ ಯಾವ ಹೆಸರು ಕೆಲಸಕ್ಕೆ ಬಂದಿರಲಿಲ್ಲ ಎಂಬುದು ಆ ಕ್ಷಣದಲ್ಲಿಯೇ ಬಯಲಾಗುತ್ತಿತ್ತು. ಅದಕ್ಕೆ ಸರ್ವರಿನ ಹಂಗೂ ಇರುತ್ತಿರಲಿಲ್ಲ.

ಇಲಾಖಾ ಲೆಕ್ಕಪರಿಶೋಧನೆಯ ಮೇಲಿನ ನಂಬಿಕೆಯನ್ನೂ ಇದೇ ರೀತಿ ಪರೀಕ್ಷಿಸಬೇಕು. ರಾಜ್ಯದ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳ ಲೆಕ್ಕವನ್ನು ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ ಪರಿಶೋಧಿಸುತ್ತದೆ. ಅದರ ವರದಿಯಲ್ಲಿ ಎರಡು ಮಾದರಿಯ ಮೊತ್ತಗಳು ಬರುತ್ತವೆ: ದಾಖಲೆ ಒದಗಿಸದ ಕಾರಣ ಆಕ್ಷೇಪಣೆಯಲ್ಲಿ ಇಟ್ಟದ್ದು ಒಂದು, ನಷ್ಟವೆಂದು ಕಂಡುಬಂದು ಹೊಣೆಗಾರರಿಂದ ವಸೂಲಿ ಮಾಡಬೇಕೆಂದದ್ದು ಇನ್ನೊಂದು. ಪಂಚಾಯಿತಿ ಅದಕ್ಕೆ ಅನುಪಾಲನಾ ವರದಿ, ಅಂದರೆ ಆಕ್ಷೇಪಣೆಗೆ ಉತ್ತರ, ಕಳುಹಿಸಬೇಕು. ಆಕ್ಷೇಪಣೆ ತೀರುವಳಿಯಾಗುವವರೆಗೆ ಪತ್ರವ್ಯವಹಾರ ನಡೆಯುತ್ತದೆ. ಅಷ್ಟರಲ್ಲಿ ಪಂಚಾಯತ್ ಅಭಿವೃದ್ಧಿ ಅಧಿಕಾರಿ ವರ್ಗವಾಗಿರುತ್ತಾರೆ, ಅಧ್ಯಕ್ಷರ ಅವಧಿ ಮುಗಿದಿರುತ್ತದೆ. ಈ ಪತ್ರವ್ಯವಹಾರದಲ್ಲಿ ಹಣ ಕಳೆದುಕೊಂಡ ಪಕ್ಷವೇ, ಅಂದರೆ ಊರೇ, ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ದೋಷ ಪರಿಶೋಧಕರದ್ದಲ್ಲ, ಅವರ ಕೆಲಸ ಕಾಗದವನ್ನು ಕಾಗದದೊಡನೆ ಹೋಲಿಸುವುದು. ವರದಿ ಬಂದ ಮೇಲೆ ಅದನ್ನು ಗ್ರಾಮಸಭೆಯಲ್ಲಿ ಕಲಂ ಕಲಂ ಓದಿ, ಉತ್ತರವನ್ನೂ ಅಲ್ಲಿಯೇ ಕೇಳಿಸಿ, ಸಭೆಗೆ ಒಪ್ಪಿಗೆಯಾಗದ ಉತ್ತರವನ್ನು ಇಲಾಖೆ ತೀರುವಳಿ ಮಾಡಬಾರದು ಎಂಬ ಒಂದು ನಿಯಮ ಮಾಡಿದ್ದರೆ, ಬಾಕಿ ಉಳಿದ ಆಕ್ಷೇಪಣೆಗಳ ಕಥೆಯೇ ಬೇರೆಯಾಗುತ್ತಿತ್ತು.

ಪ್ರಚಲಿತ ಅಭಿಪ್ರಾಯದ ಅತ್ಯಂತ ಹಾನಿಕರ ಭಾಗ ನಿಯಂತ್ರಣದ ಬಗೆಗಿನದು. ಗ್ರಾಮ ಪಂಚಾಯಿತಿಗಳು ಭ್ರಷ್ಟಾಚಾರವನ್ನು ವಿಕೇಂದ್ರೀಕರಿಸಿವೆ ಎಂಬ ಮಾತನ್ನು ಜನ ಎಷ್ಟು ಸಲೀಸಾಗಿ ಆಡುತ್ತಾರೆಂದರೆ, ಪಂಚಾಯಿತಿಯ ಕೈಯಲ್ಲಿ ಸ್ವಂತ ತೀರ್ಮಾನಕ್ಕೆ ಬಿಟ್ಟ ಹಣ ಎಷ್ಟಿದೆ ಎಂದು ವಿಚಾರಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. 15ನೇ ಹಣಕಾಸು ಆಯೋಗದ 2021ರ ನಂತರದ ಅನುದಾನದಲ್ಲಿ ಶೇ 60ರಷ್ಟು ನಿರ್ಬಂಧಿತ ಅನುದಾನವಾಗಿತ್ತು, ಅಂದರೆ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕಾದುದು. ಕೊಳವೆಬಾವಿಯ ಪಂಪು ಮತ್ತು ಬೀದಿದೀಪದ ವಿದ್ಯುತ್ ಬಿಲ್ಲಿಗಾಗಿ ರಾಜ್ಯದ ಶಾಸನಬದ್ಧ ಅನುದಾನದ ಒಂದು ಭಾಗವನ್ನು ಎಸ್ಕ್ರೋ ಖಾತೆಯಲ್ಲಿ, ಬೇರೆ ಯಾವುದಕ್ಕೂ ತೆಗೆಯಲಾಗದಂತೆ, ಮೀಸಲಿಡುವ ಪದ್ಧತಿ ಬಂತು. ಉಳಿದದ್ದಕ್ಕೆ ಕ್ರಿಯಾ ಯೋಜನೆಯ ಅನುಮೋದನೆ, ತಾಂತ್ರಿಕ ಮಂಜೂರಾತಿ, ಸುತ್ತೋಲೆಗಳ ಆದ್ಯತೆ. ಮನೆ ಕಂದಾಯ, ನೀರಿನ ಕರ, ಅಂಗಡಿ ಪರವಾನಗಿಯಿಂದ ಬರುವ ಸ್ವಂತ ಸಂಪನ್ಮೂಲವೊಂದೇ ನಿಜವಾಗಿ ಊರಿನ ಹಣ. ಅದರಲ್ಲಿ ನೀರುಗಂಟಿ, ಕರ ವಸೂಲಿಗಾರ, ಸ್ವಚ್ಛತಾ ಸಿಬ್ಬಂದಿಯ ವೇತನಕ್ಕೆ ಹೋಗಿ ಉಳಿಯುವುದು ಅಷ್ಟಕ್ಕಷ್ಟೆ. ತೀರ್ಮಾನ ಮಾಡುವ ಅಧಿಕಾರವಿಲ್ಲದವರು ತೀರ್ಮಾನಕ್ಕೆ ಉತ್ತರ ಹೇಳಲಾರರು. ಕೆರೆಯ ಕೋಡಿ ದುರಸ್ತಿ ಮಾಡಿ ಎಂದು ಗ್ರಾಮಸಭೆ ಕೇಳಿದಾಗ ಅದಕ್ಕೆ ಅನುದಾನದಲ್ಲಿ ಅವಕಾಶವಿಲ್ಲ ಎಂದು ಅಧ್ಯಕ್ಷರು ಹೇಳುವುದು ಹಲವು ಸಲ ನಿಜವೇ ಆಗಿರುತ್ತದೆ, ಕೆಲವು ಸಲ ತಪ್ಪಿಸಿಕೊಳ್ಳುವ ನೆಪವಾಗಿರುತ್ತದೆ. ಯಾವುದು ನಿಜ, ಯಾವುದು ನೆಪ ಎಂದು ಬೇರ್ಪಡಿಸಲು ಸಾಧ್ಯವಾಗದಂತೆ ಮಾಡಿರುವುದೇ ನಿಯಂತ್ರಣದ ಫಲ. ಬಿಗಿ ಹೆಚ್ಚಿದಷ್ಟೂ ನೆಪಕ್ಕೆ ಆಸರೆ ಹೆಚ್ಚುತ್ತದೆ.

ನಿಯಂತ್ರಿಸುವವರ ಅರ್ಹತೆಯ ಪ್ರಶ್ನೆಯೂ ಇದೆ. 2016ರಲ್ಲಿ ಚುನಾಯಿತವಾದ ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಅವು ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು. ತಮ್ಮ ಕ್ಷೇತ್ರದ ಮತದಾರರಿಗೆ ಉತ್ತರ ಹೇಳುವವರೇ ಇಲ್ಲದ ಎರಡು ಹಂತಗಳು ಚುನಾಯಿತವಾದ ಮೂರನೆಯ ಹಂತವನ್ನು ಹೊಣೆಗಾರಿಕೆಯ ಹೆಸರಿನಲ್ಲಿ ಅಂಕೆಯಲ್ಲಿಡುವುದು ಪ್ರಜಾಪ್ರಭುತ್ವದ ಯಾವ ತರ್ಕಕ್ಕೂ ನಿಲ್ಲುವುದಿಲ್ಲ. ಪಂಚಾಯಿತಿಯ ಕಳ್ಳತನ ಹೆಚ್ಚು ಸುದ್ದಿಯಾಗುವುದಕ್ಕೆ ಕಾರಣ ಅದು ದೊಡ್ಡದಾಗಿರುವುದಲ್ಲ, ಹತ್ತಿರದಲ್ಲಿರುವುದು; ಸದಸ್ಯ ಹೊಸ ಬೈಕು ಕೊಂಡರೆ ಊರಿಗೆ ಕಾಣುತ್ತದೆ, ದೂರದ ಟೆಂಡರಿನಲ್ಲಿ ಕೈಬದಲಾದ ಹಣ ಕಾಣುವುದಿಲ್ಲ. ಹತ್ತಿರದಿಂದ ಕಾಣುವ ಗುಣ ಸ್ಥಳೀಯ ಸರ್ಕಾರದ ಶಕ್ತಿಯೇ ಹೊರತು ಅದರ ವಿರುದ್ಧದ ಪುರಾವೆಯಲ್ಲ.

ಇನ್ನು ಹಳ್ಳಿಗರಿಗೆ ಲೆಕ್ಕದಲ್ಲಿ ಆಸಕ್ತಿಯಿಲ್ಲ ಎಂಬ ಮಾತು. ಈ ಮಾತನ್ನು ರಾಜಸ್ಥಾನದ ಕೂಲಿಕಾರರು ಮೂರು ದಶಕಗಳ ಹಿಂದೆಯೇ ಸುಳ್ಳು ಮಾಡಿದರು. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಸ್ಥಳೀಯ ರೈತ–ಕೂಲಿಕಾರರು ಸೇರಿ 1990ರಲ್ಲಿ ಕಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್‌ಕಿರಾನಾದಲ್ಲಿ ಮೊದಲ ಜನ ಸುನ್ವಾಯಿ, ಅಂದರೆ ಸಾರ್ವಜನಿಕ ವಿಚಾರಣೆ, ನಡೆಸಿತು. ಅಲ್ಲಿ ಮಾಡಿದ್ದು ಭಾಷಣವಲ್ಲ. ಪಂಚಾಯಿತಿ ಕಾಮಗಾರಿಗಳ ಹಾಜರಾತಿ ಪಟ್ಟಿ, ಬಿಲ್ಲು, ಓಚರುಗಳನ್ನು ಆ ಹೆಸರುಗಳವರ ಎದುರಿನಲ್ಲಿಯೇ ಗಟ್ಟಿಯಾಗಿ ಓದಿದರು. ಕೆಲಸಕ್ಕೇ ಹೋಗದವರು ತಮ್ಮ ಹೆಸರಿನಲ್ಲಿ ಕೂಲಿ ಬರೆದಿರುವುದನ್ನು ಕೇಳಿ ಎದ್ದು ನಿಂತು ಹೇಳಿದರು. ಓದುಬರಹ ಬಾರದ ಜನ ದಾಖಲೆಯ ಅತ್ಯುತ್ತಮ ಪರಿಶೋಧಕರಾದರು. ದಾಖಲೆಯ ನಕಲು ಕೊಡಿ ಎಂಬ ಒಂದೇ ಬೇಡಿಕೆಗಾಗಿ 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನಗಳ ಧರಣಿ ನಡೆಯಿತು. 2001ರಲ್ಲಿ ರಾಜ್‌ಸಮಂದ್ ಜಿಲ್ಲೆಯ ಜನಾವದ್ ಪಂಚಾಯಿತಿಯ ದಾಖಲೆಗಳು ದೀರ್ಘ ಹೋರಾಟದ ಬಳಿಕ ಕೈಗೆ ಬಂದು ವಿಚಾರಣೆ ನಡೆದಾಗ, ಕಾಗದದಲ್ಲಿ ಮಾತ್ರ ಇದ್ದ ಕಟ್ಟಡಗಳು ಬಯಲಿಗೆ ಬಂದವು; ಮುಂದೆ ಸರ್ಕಾರ ನಡೆಸಿದ ತನಿಖೆಯೇ ಆ ಪಂಚಾಯಿತಿಯಲ್ಲಿ ದೊಡ್ಡ ಪ್ರಮಾಣದ ದುರ್ಬಳಕೆಯನ್ನು ದೃಢಪಡಿಸಿತು. ದೇಶದ ಮಾಹಿತಿ ಹಕ್ಕು ಕಾಯ್ದೆಯ ಬೇರು ಇರುವುದು ಹೀಗೆ ಹಳ್ಳಿಯ ಕಾಮಗಾರಿಯ ಓಚರಿನಲ್ಲಿ. ಆ ಕಾಯ್ದೆಯನ್ನು ಗಳಿಸಿಕೊಟ್ಟವರ ಮಕ್ಕಳಿಗೆ ಈಗ ಲೆಕ್ಕದಲ್ಲಿ ಆಸಕ್ತಿಯಿಲ್ಲವೆಂದು ಹೇಳುವುದು ಅನ್ಯಾಯ.

ಕರ್ನಾಟಕದ ಗ್ರಾಮಸಭೆಗಳಿಗೆ ಜನ ಬರುವುದು ಕಡಿಮೆ ಎಂಬುದು ನಿಜ. ಅದಕ್ಕೆ ಕಾರಣ ಹುಡುಕುವವರು ಜನರ ಸ್ವಭಾವವನ್ನಲ್ಲ, ಸಭೆಯ ಸ್ವರೂಪವನ್ನು ನೋಡಬೇಕು. ಹಿಂದಿನ ಸಭೆಯ ಠರಾವು ಏನಾಯಿತೆಂದು ಯಾರೂ ಹೇಳದ, ಲೆಕ್ಕವನ್ನು ಒಟ್ಟು ಮೊತ್ತಗಳಲ್ಲಿ ಎರಡು ನಿಮಿಷದಲ್ಲಿ ಓದಿ ಮುಗಿಸುವ, ಇಲಾಖೆಗಳ ಅಧಿಕಾರಿಗಳು ತಮ್ಮ ಯೋಜನೆಗಳ ಪ್ರಚಾರಕ್ಕಷ್ಟೇ ಬಂದು ಹೋಗುವ, ಕೋರಂ ಸಾಲದಿದ್ದರೆ ಆಮೇಲೆ ಮನೆಮನೆಗೆ ಪುಸ್ತಕ ಕಳುಹಿಸಿ ಸಹಿ ತುಂಬಿಸಿಕೊಳ್ಳುವ ಸಭೆಗೆ ಒಂದು ದಿನದ ಕೂಲಿ ಬಿಟ್ಟು ಬರದಿರುವುದು ಉದಾಸೀನವಲ್ಲ, ವಿವೇಕ. ಮನೆ ಹಂಚಿಕೆಯ ಪಟ್ಟಿ ಇರುವ ದಿನ ಅದೇ ಸಭೆ ಕಿಕ್ಕಿರಿಯುತ್ತದೆ, ಏಕೆಂದರೆ ಅಂದು ಸಭೆಯ ಮಾತಿಗೆ ಬೆಲೆಯಿರುತ್ತದೆ. ಜಮಾಬಂದಿಯ ಗತಿಯೂ ಹಲವೆಡೆ ಹೀಗೆಯೇ ಆಗಿದೆ: ಪಂಚಾಯಿತಿ ಕಚೇರಿಯ ಒಳಗೆ, ಸದಸ್ಯರೂ ಸಿಬ್ಬಂದಿಯೂ ಕುಳಿತು, ಕಡತಗಳಿಗೆ ಸಹಿ ಹಾಕಿ, ಛಾಯಾಚಿತ್ರ ತೆಗೆದು ಮುಗಿಸುವ ವಿಧಿಯಾಗಿ ಅದು ಕುಗ್ಗಿದೆ. ಇಂಥ ಅಮೂಲ್ಯ ವ್ಯವಸ್ಥೆಯೊಂದು ತನ್ನ ರಾಜ್ಯದಲ್ಲಿಯೇ ಹೀಗೆ ಬಡವಾಗಿರುವ ಬಗ್ಗೆ ತಂತ್ರಾಂಶಗಳನ್ನು ಕೊಂಡಾಡುವವರು ಒಂದು ಮಾತನ್ನೂ ಆಡುವುದಿಲ್ಲ ಎಂಬುದು ನೋವಿನ ಸಂಗತಿ.

ಗ್ರಾಮಸಭೆಯ ಪರವಾದ ವಾದಕ್ಕೆ ಎದುರಾಗುವ ಒಂದು ಆಕ್ಷೇಪ ಮಾತ್ರ ನಿಜಕ್ಕೂ ಗಂಭೀರವಾದುದು. ಹಳ್ಳಿ ಸಮಾನರ ಊರಲ್ಲ. ಅಲ್ಲಿ ಜಾತಿಯಿದೆ, ಭೂಮಿಯ ಬಲವಿದೆ, ಪಕ್ಷದ ಗುಂಪುಗಾರಿಕೆಯಿದೆ. ಗುತ್ತಿಗೆದಾರ ಹಲವು ಸಲ ಊರಿನ ದೊಡ್ಡ ಮನೆಯವನೇ ಆಗಿರುತ್ತಾನೆ. ಅವನ ಹೊಲದಲ್ಲಿ ಕೂಲಿ ಮಾಡುವವಳು ಸಭೆಯಲ್ಲಿ ಎದ್ದು ಅವನ ಚರಂಡಿಯ ಉದ್ದ ಕೇಳುವುದು ಸುಲಭವಲ್ಲ. ಮಾಹಿತಿ ಕೇಳಿದ ಕಾರಣಕ್ಕೆ ದೇಶದಲ್ಲಿ ಜನ ಹಲ್ಲೆಗೊಳಗಾಗಿದ್ದಾರೆ, ಪ್ರಾಣವನ್ನೂ ಕಳೆದುಕೊಂಡಿದ್ದಾರೆ. ಆದರೆ ಈ ಆಕ್ಷೇಪದಿಂದ ಜಾಲತಾಣದ ಪರವಾದ ತೀರ್ಮಾನ ಹೊರಡುವುದಿಲ್ಲ. ಜಾಲತಾಣ ಪ್ರಶ್ನಿಸುವವರನ್ನು ಒಂಟಿಯಾಗಿಸುತ್ತದೆ. ಓಚರ್ ಹುಡುಕಿ, ಅರ್ಜಿ ಬರೆದು, ತನ್ನ ಹೆಸರು–ವಿಳಾಸ ಕೊಟ್ಟು ಕೇಳುವ ಒಬ್ಬನೇ ವ್ಯಕ್ತಿ ಎಲ್ಲರ ಕಣ್ಣಿಗೆ ಬೀಳುತ್ತಾನೆ. ಯಾರೂ ಕೇಳುವ ಮೊದಲೇ ಪ್ರತಿ ವಾರ್ಡಿನಲ್ಲಿಯೂ ಅಳತೆ ಪುಸ್ತಕದ ಪುಟ ಗೋಡೆಯ ಮೇಲಿದ್ದರೆ, ಓದುವ ಹೊಣೆ ಹೊರಗಿನ ತಾಲ್ಲೂಕಿನಿಂದ ಬಂದ ತರಬೇತಾದ ಸಂಪನ್ಮೂಲ ವ್ಯಕ್ತಿಗಳದ್ದಾಗಿದ್ದರೆ, ದಲಿತ ಕೇರಿಯ ವಾರ್ಡ್ ಸಭೆ ಆ ಕೇರಿಯಲ್ಲಿಯೇ ನಡೆದರೆ, ಸ್ವಸಹಾಯ ಸಂಘಗಳ ಮಹಿಳೆಯರು ಗುಂಪಾಗಿ ಕುಳಿತು ಕೇಳಿದರೆ, ಪ್ರಶ್ನೆ ಒಬ್ಬರದ್ದಾಗಿ ಉಳಿಯುವುದಿಲ್ಲ. ಆಂಧ್ರಪ್ರದೇಶದಲ್ಲಿ 2006ರಿಂದ ಉದ್ಯೋಗ ಖಾತರಿಯ ಸಾಮಾಜಿಕ ಪರಿಶೋಧನೆ ಬೆಳೆದದ್ದು ಕೂಲಿ ಕುಟುಂಬಗಳ ಯುವಜನರನ್ನೇ ತರಬೇತುಗೊಳಿಸಿ. ಅಲ್ಲಿ ಪತ್ತೆಯಾದ ಹಣಕ್ಕೆ ಹೋಲಿಸಿದರೆ ವಸೂಲಾದದ್ದು ಕಡಿಮೆಯೆಂಬ ಟೀಕೆ ಸರಿಯಾದುದೇ. ಆದರೆ ವಸೂಲಿ ಮಾಡಬೇಕಾದವರು ಸರ್ಕಾರಿ ಅಧಿಕಾರಿಗಳು, ಆ ವೈಫಲ್ಯವನ್ನು ಸಭೆಯ ತಲೆಗೆ ಕಟ್ಟಲಾಗದು.

ಬಲವಂತರ ಹಿಡಿತವನ್ನು ಡಿಜಿಟಲ್ ವ್ಯವಸ್ಥೆ ಮುರಿದಿಲ್ಲ ಎಂಬುದಕ್ಕೆ ಡೊಂಗಲಿನ ಸಂಗತಿಯೇ ಸಾಕು. ಪಾವತಿಗೆ ಅಧ್ಯಕ್ಷರ ಮತ್ತು ಅಭಿವೃದ್ಧಿ ಅಧಿಕಾರಿಯ ಡಿಜಿಟಲ್ ಸಹಿ ಬೇಕು. ಆ ಸಹಿ ಇರುವುದು ಡೊಂಗಲ್ ಎಂಬ ಬೆರಳುದ್ದದ ಸಾಧನದಲ್ಲಿ. 2010ರಿಂದ ಕರ್ನಾಟಕದಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ, ಅನೇಕ ಸಮರ್ಥ ಅಧ್ಯಕ್ಷೆಯರು ಬಂದಿದ್ದಾರೆ. ಆದರೂ ಡೊಂಗಲ್ ಗಂಡನ ಜೇಬಿನಲ್ಲಿಯೋ ಗಣಕಯಂತ್ರ ನಿರ್ವಾಹಕರ ಮೇಜಿನ ಡ್ರಾಯರಿನಲ್ಲಿಯೋ ಇರುವ ಪಂಚಾಯಿತಿಗಳ ಬಗ್ಗೆ ಪಂಚಾಯತ್ ರಾಜ್ ಬಲ್ಲವರೆಲ್ಲರಿಗೂ ಗೊತ್ತು. ಚೆಕ್ಕಿನ ಕಾಲದಲ್ಲಿ ಸಹಿ ಹಾಕಲು ಕಾಗದವನ್ನಾದರೂ ಅವಳ ಮುಂದೆ ತರಬೇಕಾಗಿತ್ತು. ಅಕ್ರಮ ಪತ್ತೆಯಾದಾಗ ನೋಟಿಸು ಬರುವುದು ಅವಳ ಹೆಸರಿಗೆ, ವಸೂಲಿ ಆದೇಶವೂ ಅವಳ ಹೆಸರಿಗೆ. ದಲಿತ ಮಹಿಳೆಯೊಬ್ಬಳು ಅಧ್ಯಕ್ಷೆಯಾಗಿದ್ದಾಗ ಈ ಹೊರೆ ಎಷ್ಟು ಕ್ರೂರವಾಗುತ್ತದೆಂಬುದನ್ನು ವಿವರಿಸಬೇಕಿಲ್ಲ. ಪ್ರತಿ ಪಾವತಿಯನ್ನೂ ಮಾಡುವ ಮೊದಲು ಪಟ್ಟಿಯನ್ನು ಸಾಮಾನ್ಯ ಸಭೆಯಲ್ಲಿ ಓದಿ ನಡಾವಳಿಯಲ್ಲಿ ಬರೆಯುವ ಸರಳ ಶಿಸ್ತು ಅವಳಿಗೆ ಯಾವ ತಂತ್ರಾಂಶವೂ ಕೊಡದ ರಕ್ಷಣೆಯನ್ನು ಕೊಡುತ್ತದೆ.

ಲೆಕ್ಕವನ್ನು ಅಂತರ್ಜಾಲಕ್ಕೆ ಏರಿಸದಿದ್ದರೆ ಅನುದಾನವಿಲ್ಲ ಎಂಬ ಷರತ್ತು ಕೆಲಸ ಮಾಡಿತು. ದೇಶದ ಲಕ್ಷಾಂತರ ಪಂಚಾಯಿತಿಗಳು ಲೆಕ್ಕ ಏರಿಸಿದವು. ಓಚರ್ ಮತ್ತು ಅಳತೆ ಪುಸ್ತಕ ಮುಂದಿಟ್ಟು ಜಮಾಬಂದಿ ನಡೆದಿದೆಯೆಂದು ಗ್ರಾಮಸಭೆ ನಿರ್ಣಯ ಮಾಡದಿದ್ದರೆ ಮುಂದಿನ ಕಂತಿಲ್ಲ ಎಂಬ ಷರತ್ತೂ ಹಾಗೆಯೇ ಕೆಲಸ ಮಾಡೀತು, ಅದನ್ನು ವಿಧಿಸಲು ಮನಸ್ಸಿದ್ದರೆ. ಆದರೆ ಆ ಷರತ್ತು ಪಂಚಾಯಿತಿಯೊಂದಕ್ಕೇ ಅನ್ವಯಿಸಿದರೆ ಅದು ಮತ್ತೆ ಬಡವರ ಮೇಲಿನ ಬಿಗಿಯಾಗುತ್ತದೆ. ಇಂದು ಹಳ್ಳಿಯಲ್ಲಿ ಖರ್ಚಾಗುವ ಹಣದಲ್ಲಿ ದೊಡ್ಡ ಪಾಲು ಪಂಚಾಯಿತಿಯ ಲೆಕ್ಕಕ್ಕೇ ಬರುವುದಿಲ್ಲ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ನಿನ ಪೈಪುಗಳಿಗಾಗಿ ಊರೂರಿನ ರಸ್ತೆ ಅಗೆದವರು ಜಿಲ್ಲಾ ಮಟ್ಟದಲ್ಲಿ ನಿಗದಿಯಾದ ಗುತ್ತಿಗೆದಾರರು. ಅಗೆದ ಸಿಮೆಂಟು ರಸ್ತೆಯನ್ನು ಮುಚ್ಚಿದ್ದಕ್ಕೆ ಎಷ್ಟು ಬಿಲ್ಲಾಯಿತು, ನಲ್ಲಿಗೆ ನೀರು ಬಾರದ ಮನೆಗಳ ಲೆಕ್ಕದಲ್ಲಿ ಏನಿದೆ ಎಂದು ಗ್ರಾಮಸಭೆಯಲ್ಲಿ ಕೇಳಿದರೆ ಉತ್ತರ ಹೇಳಬೇಕಾದವರು ಅಲ್ಲಿರುವುದಿಲ್ಲ, ಯೋಜನೆ ಮುಗಿದ ಮೇಲೆ ಮಾತ್ರ ಅದರ ನಿರ್ವಹಣೆಯ ಭಾರವೂ ವಿದ್ಯುತ್ ಬಿಲ್ಲೂ ಪಂಚಾಯಿತಿಗೆ ಬಂದು ಬೀಳುತ್ತವೆ. ಶಾಸಕರ ಮತ್ತು ಸಂಸದರ ಪ್ರದೇಶಾಭಿವೃದ್ಧಿ ನಿಧಿಯ ಸಮುದಾಯ ಭವನ, ಇಲಾಖೆಗಳ ರಸ್ತೆ, ನಿಗಮಗಳು ವಹಿಸಿಕೊಂಡ ಕಟ್ಟಡ ಇವೆಲ್ಲದರ ಅಂದಾಜು ಪತ್ರಿಕೆ, ಅಳತೆ, ಬಿಲ್ಲು ಅವು ನಿಂತಿರುವ ಊರಿನ ಗ್ರಾಮಸಭೆಗೆ ಬರಬೇಕು, ಆ ಕಾಮಗಾರಿಯ ಎಂಜಿನಿಯರು ಅಲ್ಲಿ ಎದ್ದುನಿಂತು ಉತ್ತರಿಸಬೇಕು, ಮತ್ತು ಆ ಸಭೆಯ ನಿರ್ಣಯವಿಲ್ಲದೆ ಯಾವ ಇಲಾಖೆಯೂ ಗುತ್ತಿಗೆದಾರನಿಗೆ ಅಂತಿಮ ಬಿಲ್ಲು ಪಾವತಿಸುವಂತಿರಬಾರದು.